411ನೇ ಕೋಣೆ ಬೇಡ ಕಣೋ

ಪ್ರಿಯ ಗೆಳೆಯಾ,

ನಿನ್ನ ಮೆಸೇಜ್ ಓದಿ ನಗು ಬಂತು. ಇಸ್ತಾಂಬುಲ್‌ಗೆ ಇನ್ನೂ ಟಿಕೆಟ್ ಆಗಿಲ್ಲ, ವೀಸಾಕ್ಕೆ ಅರ್ಜಿ ಹಾಕಿಲ್ಲ. ಆದರೆ ಪೆರಾ ಪ್ಯಾಲೇಸ್ ಹೋಟೆಲಿನ 411ನೇ ಕೋಣೆಯೇ ಬೇಕು ಅಂತ ಹಟ. ಪತ್ತೇದಾರಿ ಕಾದಂಬರಿಗಳ ಲೇಖಕಿ ಅಗಾಥಾ ಕ್ರಿಸ್ಟಿ ಇಳಿದುಕೊಂಡಿದ್ದ ಕೋಣೆ, 'ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್' ಹುಟ್ಟಿದ ಕೋಣೆ ಅಂತ. ಕಾಲೇಜಿನಲ್ಲಿ ಪಾಠ ನಡೆಯುವಾಗ ಡೆಸ್ಕಿನ ಕೆಳಗೆ ಅವರ ಕಾದಂಬರಿ ಇಟ್ಟುಕೊಂಡು ಓದುತ್ತಿದ್ದವನು ನೀನು. ನಿನ್ನ ಆಸೆ ನನಗೆ ಗೊತ್ತಾಗುತ್ತದೆ. ಆದರೂ ಹೇಳುತ್ತೇನೆ ಕೇಳು. ಆ ಹೋಟೆಲಿನಲ್ಲಿ ಒಂದು ರಾತ್ರಿ ಖಂಡಿತ ಉಳಿ. 411 ಮಾತ್ರ ಬೇಡ.

ಯಾಕೆ ಅಂತ ಬರೆದೇ ತಿಳಿಸುತ್ತೇನೆ. ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ.

ಮೊದಲು ಕ್ರಿಸ್ಟಿ ವಿಷಯ. 1928ರಲ್ಲಿ ಅವರಿಗೆ ವಿಚ್ಛೇದನವಾಯಿತು. ಎಲ್ಲಿಗಾದರೂ ದೂರ ಹೋಗಿ ಬರೋಣ ಅಂತ ವೆಸ್ಟ್ ಇಂಡೀಸ್‌ಗೆ ಟಿಕೆಟ್ ತೆಗೆದಿದ್ದರು. ಇನ್ನೇನು ಹೊರಡಬೇಕು ಅನ್ನುವಾಗ ಯಾರದೋ ಮನೆಯ ಊಟದಲ್ಲಿ ಬಾಗ್ದಾದ್ ಮಾತು ಬಂತು. ಅಲ್ಲಿಗೆ ಹಡಗೇ ಬೇಕಿಲ್ಲ, ಓರಿಯಂಟ್ ಎಕ್ಸ್‌ಪ್ರೆಸ್ ರೈಲಿನಲ್ಲೂ ಹೋಗಬಹುದು ಅಂತ ಗೊತ್ತಾದದ್ದೇ ತಡ, ಮಾರನೇ ದಿನ ಟಿಕೆಟ್ ಬದಲಾಯಿಸಿಕೊಂಡುಬಿಟ್ಟರು. ಒಂಟಿ ಹೆಂಗಸು, ಆ ಕಾಲದಲ್ಲಿ, ಅಷ್ಟು ದೂರ. ಆ ಪ್ರಯಾಣದಲ್ಲಿ ಇಸ್ತಾಂಬುಲ್‌ನಲ್ಲಿ ಎಲ್ಲಿ ಉಳಿದರು ಅಂತ ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಟೋಕಾತ್ಲಿಯಾನ್ ಹೋಟೆಲಿನಲ್ಲಿ. ಪೆರಾ ಪ್ಯಾಲೇಸ್‌ನಲ್ಲಿ ಅಲ್ಲ.

ನಂಬಿಕೆ ಬರದಿದ್ದರೆ ನಿನ್ನ ಕಪಾಟಿನಿಂದ ಆ ಕಾದಂಬರಿಯನ್ನೇ ತೆಗೆದು ಶುರುವಿನ ಪುಟಗಳನ್ನು ಇನ್ನೊಮ್ಮೆ ಓದು. ಅದರ ಪತ್ತೇದಾರ ಪೊಯ್ರೋ ಇಸ್ತಾಂಬುಲ್‌ಗೆ ಬಂದು ಕೋಣೆ ಕೇಳುವುದು ಎಲ್ಲಿ? ಟೋಕಾತ್ಲಿಯಾನ್‌ನಲ್ಲೇ. ತಂತಿ ಬಂದು, ಆವತ್ತೇ ರಾತ್ರಿ ರೈಲು ಹತ್ತಬೇಕಾಗುವುದೂ ಅಲ್ಲಿಂದಲೇ. ಪೆರಾ ಪ್ಯಾಲೇಸಿಗೆ ಕ್ರಿಸ್ಟಿ ಕಾಲೇ ಇಟ್ಟಿಲ್ಲ ಅಂತ ನಾನು ವಾದ ಮಾಡುತ್ತಿಲ್ಲ. ಎಷ್ಟೋ ಸಲ ಆ ಊರಿನ ಮೇಲೆ ಹಾದು ಹೋದವರು ಅವರು. ಆದರೆ ಆ ಕೋಣೆಯಲ್ಲಿ ಕೂತು ಆ ಪುಸ್ತಕ ಬರೆದರು ಅನ್ನುವುದಕ್ಕೆ ಹೋಟೆಲಿನ ಮಾತು ಬಿಟ್ಟರೆ ಬೇರೆ ಆಧಾರ ಇಲ್ಲ. ಅದೂ ಸಾಲದೆ, ಸಿರಿಯಾದ ಅಲೆಪ್ಪೊದಲ್ಲಿರುವ ಬ್ಯಾರನ್ ಹೋಟೆಲು ಕೂಡ ಇದೇ ಕಾದಂಬರಿ ತನ್ನಲ್ಲಿ ಬರೆದದ್ದು ಅನ್ನುತ್ತದೆ. ಇರಾಕಿನ ಅರ್ಪಚಿಯಾದಲ್ಲಿ 1933ರಲ್ಲಿ ಅವರ ಎರಡನೇ ಗಂಡ ಉತ್ಖನನ ಮಾಡುತ್ತಿದ್ದಾಗ ಬರೆದರು ಅನ್ನುವವರೂ ಇದ್ದಾರೆ. ನಮ್ಮಲ್ಲಿ ಒಬ್ಬನೇ ಶರಣನ ಗದ್ದುಗೆ ಎರಡು ಮೂರು ಊರಲ್ಲಿ ಇರುತ್ತದಲ್ಲ, ಹಾಗೆ.

ಕಥೆಯ ಬೀಜ ಎಲ್ಲಿಯದು ಅಂತ ನನ್ನನ್ನು ಕೇಳಿದರೆ ಯಾವ ಕೋಣೆಯದೂ ಅಲ್ಲ, ರೈಲಿನದೇ. 1929ರ ಚಳಿಗಾಲದಲ್ಲಿ ಓರಿಯಂಟ್ ಎಕ್ಸ್‌ಪ್ರೆಸ್ ಟರ್ಕಿಯ ಚೆರ್ಕೆಜ್‌ಕೊಯ್ ಹತ್ತಿರ ಹಿಮದಲ್ಲಿ ಹೂತು ದಿನಗಟ್ಟಲೆ ನಿಂತಿತ್ತು. 1931ರ ಡಿಸೆಂಬರ್‌ನಲ್ಲಿ ಕ್ರಿಸ್ಟಿ ಸ್ವತಃ ಕೂತಿದ್ದ ರೈಲು ಮಳೆಗೆ ಹಳಿ ಕೊಚ್ಚಿಹೋಗಿ ನಡುದಾರಿಯಲ್ಲಿ ನಿಂತುಬಿಟ್ಟಿತು. ಜೊತೆಗಿದ್ದ ಪ್ರಯಾಣಿಕರ ಬಗ್ಗೆ ಗಂಡನಿಗೆ ಉದ್ದ ಪತ್ರ ಬರೆದರು. ಕಾದಂಬರಿ ಬಂದದ್ದು 1934ರಲ್ಲಿ.

ಹಾಗಾದರೆ 411 ಅನ್ನುವ ನಂಬರ್ ಇಷ್ಟು ಪ್ರಸಿದ್ಧ ಆದದ್ದು ಹೇಗೆ? ಅದು ಇನ್ನೊಂದು ತಮಾಷೆ. 1926ರ ಡಿಸೆಂಬರ್‌ನಲ್ಲಿ ಕ್ರಿಸ್ಟಿ ಮನೆಯಿಂದ ಕಾಣೆಯಾಗಿ ಹನ್ನೊಂದು ದಿನ ಪತ್ತೆ ಇರಲಿಲ್ಲ, ನಿನಗೆ ಗೊತ್ತೇ ಇದೆ. ಆ ಬಗ್ಗೆ ಅವರು ಆತ್ಮಕಥೆಯಲ್ಲೂ ತುಟಿ ಬಿಚ್ಚಲಿಲ್ಲ. 1979ರಲ್ಲಿ ಅದೇ ವಿಷಯದ ಸಿನಿಮಾ ಬರುವ ಹೊತ್ತಿಗೆ ಅಮೆರಿಕದ ಸಿನಿಮಾ ಕಂಪನಿಯೊಂದು ಟಮಾರಾ ರ‍್ಯಾಂಡ್ ಎಂಬ ಅತೀಂದ್ರಿಯ ಶಕ್ತಿಯವರ ಮೊರೆ ಹೋಯಿತು. ಗುಟ್ಟೆಲ್ಲ ಒಂದು ಡೈರಿಯಲ್ಲಿದೆ, ಅದರ ಕೀಲಿಕೈ ಪೆರಾ ಪ್ಯಾಲೇಸ್‌ನ 411ನೇ ಕೋಣೆಯ ನೆಲದಡಿ ಇದೆ ಅಂತ ಆಕೆ ಹೇಳಿದರು. ಪತ್ರಕರ್ತರ ಮುಂದೆ ಹಲಗೆ ಕಿತ್ತರು. ತುಕ್ಕು ಹಿಡಿದ ಒಂದು ಕೀಲಿಕೈ ಸಿಕ್ಕೇಬಿಟ್ಟಿತು! ಆಮೇಲೆ ಹೋಟೆಲಿನವರು ಅದಕ್ಕೆ 20 ಲಕ್ಷ ಡಾಲರ್ ಕೇಳಿದರು ಅಂತ ಸುದ್ದಿಯಾಯಿತು, ಮಾತುಕತೆ ಮುರಿದುಬಿತ್ತು. ಡೈರಿ ಇವತ್ತಿಗೂ ಇಲ್ಲ. ಹಳೇ ಹೋಟೆಲಿನ ನೆಲ ಕಿತ್ತರೆ ಹಳೇ ಕೀಲಿಕೈ ಸಿಗದೆ ಇನ್ನೇನು ಸಿಗಬೇಕು, ಅಲ್ವಾ? ಪೊಯ್ರೋ ಅಲ್ಲಿದ್ದಿದ್ದರೆ ಮೀಸೆಯಲ್ಲೇ ನಕ್ಕಿರುತ್ತಿದ್ದ.

ಕ್ರಿಸ್ಟಿ ನಿಜವಾಗಿ ಉಳಿದ ಹೋಟೆಲೇ ಬೇಕು ಅಂತಾದರೆ ಇಂಗ್ಲೆಂಡಿನ ಹ್ಯಾರೊಗೇಟ್‌ಗೆ ಹೋಗು. ಆ ಹನ್ನೊಂದು ದಿನ ಮುಗಿದ ಮೇಲೆ ಅವರು ಸಿಕ್ಕಿದ್ದು ಅಲ್ಲಿನ ಹೋಟೆಲಿನಲ್ಲಿ. ಇವತ್ತು ಅದರ ಹೆಸರು ಓಲ್ಡ್ ಸ್ವಾನ್. ಕೇಪ್‌ಟೌನ್‌ನಿಂದ ಬಂದ ಮಿಸೆಸ್ ತೆರೇಸಾ ನೀಲ್ ಅಂತ ರಿಜಿಸ್ಟರಿನಲ್ಲಿ ಬರೆಸಿದ್ದರು. ನೀಲ್ ಅನ್ನುವುದು ಆಗಿನ ಗಂಡ ಮೆಚ್ಚಿಕೊಂಡಿದ್ದ ಹೆಂಗಸಿನ ಮನೆತನದ ಹೆಸರು. ಅದನ್ನೇ ತನ್ನದು ಅಂತ ಬರೆಸುವಾಗ ಕ್ರಿಸ್ಟಿಯ ಮನಸ್ಸಿನಲ್ಲಿ ಏನಿತ್ತೋ. ನನ್ನ ಮಟ್ಟಿಗೆ ಆ ಒಂದು ಸಾಲು 411ರ ಕೀಲಿಕೈಗಿಂತ ದೊಡ್ಡದು.

ಇನ್ನು ಪೆರಾ ಪ್ಯಾಲೇಸ್. ಇಷ್ಟೆಲ್ಲ ಬೈದು ಮತ್ತೆ ಯಾಕೆ ಉಳಿ ಅನ್ನುತ್ತೇನೆ ಅಂದರೆ, ಆ ಕಟ್ಟಡದ ನಿಜವಾದ ಕಥೆ ಈ ಕಟ್ಟುಕಥೆಗಿಂತ ಎಷ್ಟೋ ಚೆನ್ನಾಗಿದೆ. ಓರಿಯಂಟ್ ಎಕ್ಸ್‌ಪ್ರೆಸ್ ಓಡಿಸುತ್ತಿದ್ದ ವಾಗೋಂ ಲೀ ಕಂಪನಿಗೆ ಒಂದು ತಲೆನೋವಿತ್ತು. ಪ್ಯಾರಿಸ್‌ನಲ್ಲಿ ರೈಲು ಹತ್ತಿದ ಶ್ರೀಮಂತರು ದಾರಿಯುದ್ದಕ್ಕೂ ಬೆಳ್ಳಿ ಚಮಚದಲ್ಲಿ ಉಂಡು, ಇಸ್ತಾಂಬುಲ್‌ನಲ್ಲಿ ಇಳಿದ ಮೇಲೆ ಎಲ್ಲಿಗೆ ಹೋಗಬೇಕು? ಅವರಿಗೆ ಒಪ್ಪುವಂಥ ಹೋಟೆಲು ಊರಲ್ಲಿರಲಿಲ್ಲ. ಅದಕ್ಕೇ 1892ರಲ್ಲಿ ಈ ಹೋಟೆಲು ಕಟ್ಟಲು ಶುರು ಮಾಡಿದರು. 1895ರಲ್ಲಿ ದೊಡ್ಡ ಬಾಲ್ ನೃತ್ಯ ಇಟ್ಟುಕೊಂಡು ತೆರೆದರು. ನಕ್ಷೆ ಹಾಕಿದ ಅಲೆಕ್ಸಾಂಡರ್ ವಲೋರಿ ಅದೇ ಊರಲ್ಲಿ ಹುಟ್ಟಿದ ಫ್ರೆಂಚ್ ಮೂಲದವನು. ನೀನು ಹೇಗೂ ನೋಡಲಿರುವ ಪುರಾತತ್ವ ಮ್ಯೂಸಿಯಂ ಕೂಡ ಅವನದೇ ಕೆಲಸ. ಸುಲ್ತಾನರ ಅರಮನೆ ಬಿಟ್ಟರೆ ಊರಲ್ಲಿ ಕರೆಂಟು ಬಂದ ಮೊದಲ ಕಟ್ಟಡ ಇದು. ನಲ್ಲಿ ತಿರುಗಿಸಿದರೆ ಬಿಸಿನೀರು. ಊರಿನ ಮೊದಲ ಕರೆಂಟ್ ಲಿಫ್ಟು. ಕಬ್ಬಿಣದ ಹೂಬಳ್ಳಿ ಕೆಲಸದ, ಒಳಗೆ ಮರದ ಆಸನವಿರುವ ಆ ಲಿಫ್ಟು ಈಗಲೂ ಇದೆ. ರೈಲ್ವೆ ಸ್ಟೇಷನ್ನಿನಿಂದ ಅತಿಥಿಗಳನ್ನು ಹೊತ್ತು ತರುತ್ತಿದ್ದ ಮೇನೆಯನ್ನೂ ಲಾಬಿಯಲ್ಲಿ ಇಟ್ಟಿದ್ದಾರೆ. ಸಿರ್ಕೆಜಿ ಸ್ಟೇಷನ್ನಿನಿಂದ ಆ ಗುಡ್ಡದ ಏರು ನೋಡಿದರೆ, ಹೊತ್ತವರನ್ನು ನೆನೆದು ನಮಗೇ ಹೆಗಲು ನೋಯುತ್ತದೆ.

ಯಜಮಾನರ ಕಥೆಯೂ ಹಾಗೇ. ಮೊದಲ ಮಹಾಯುದ್ಧ ಮುಗಿದ ಮೇಲೆ ಬೊದೊಸಾಕಿಸ್ ಎಂಬ ಗ್ರೀಕ್ ವ್ಯಾಪಾರಿ ಕೊಂಡುಕೊಂಡ. ಊರು ಆಗ ಬ್ರಿಟಿಷರು, ಫ್ರೆಂಚರು, ಇಟಲಿಯವರ ವಶದಲ್ಲಿತ್ತು. ಲಾಬಿ ತುಂಬ ಅವರ ಅಧಿಕಾರಿಗಳು. ಟರ್ಕಿ ಗಣರಾಜ್ಯವಾದ ಮೇಲೆ ಆಸ್ತಿ ಅವನ ಕೈತಪ್ಪಿತು. ಆಮೇಲೆ ಬೈರೂತ್‌ನಿಂದ ಬಂದ ಮಿಸ್ಬಾಹ್ ಮುಹಯ್ಯೆಶ್ ಎಂಬ ವ್ಯಾಪಾರಿಯ ಪಾಲಾಯಿತು. ಒಂದು ಸಾಮ್ರಾಜ್ಯ ಮುರಿದು ದೇಶವಾಗುವುದು ಹೇಗೆ ಅಂತ ಈ ಒಂದು ಆಸ್ತಿ ಪತ್ರ ನೋಡಿದರೆ ಸಾಕು.

ನೀನು ತಪ್ಪದೆ ನೋಡಬೇಕಾದ ಕೋಣೆ 101. ಅಲ್ಲಿ ಉಳಿಯಲು ಆಗುವುದಿಲ್ಲ, ಅದು 1981ರಿಂದ ಮ್ಯೂಸಿಯಂ. ಮುಸ್ತಫಾ ಕೆಮಾಲ್, ಅಂದರೆ ಮುಂದೆ ಟರ್ಕಿ ಗಣರಾಜ್ಯ ಕಟ್ಟಿ ಅತಾತುರ್ಕ್ ಆದವರು, ಇಳಿದುಕೊಳ್ಳುತ್ತಿದ್ದ ಕೋಣೆ. ಗೋಡೆಗೆ ಗುಲಾಬಿ ಬಣ್ಣ. ಸೇನಾಪತಿ ಕೋಣೆಗೆ ಆ ಬಣ್ಣ ನಾನಂತೂ ಊಹಿಸಿರಲಿಲ್ಲ. ಅವರ ಚಪ್ಪಲಿ, ಪೈಜಾಮ, ಹಲ್ಲುಜ್ಜುವ ಬ್ರಷ್ ಎಲ್ಲ ಜೋಡಿಸಿಟ್ಟಿದ್ದಾರೆ. ಭಾರತದ ಮಹಾರಾಜನೊಬ್ಬ ಕಳಿಸಿದ್ದು ಎನ್ನುವ ಜರಿ ಕೆಲಸದ ರೇಷ್ಮೆ ಹಾಸು ಕೂಡ ಇದೆ. ಅದರಲ್ಲಿ ನೇಯ್ದ ಗಡಿಯಾರ 9 ಗಂಟೆ 7 ನಿಮಿಷ ತೋರಿಸುತ್ತದೆ. ಅತಾತುರ್ಕ್ ತೀರಿಕೊಂಡದ್ದು 1938ರ ನವೆಂಬರ್ 10ರ ಬೆಳಿಗ್ಗೆ 9 ಗಂಟೆ 5 ನಿಮಿಷಕ್ಕೆ. ಮೊದಲೇ ಭವಿಷ್ಯ ನುಡಿದಿದ್ದ ಹಾಸು ಅಂತ ತೋರಿಸುವವರು ಹೇಳುತ್ತಾರೆ. ಎರಡು ನಿಮಿಷ ರಿಯಾಯಿತಿ ಕೊಡೋಣ ಬಿಡು.

ಆದರೆ ಅವರು ಹೇಳದೇ ಇರುವ ಇನ್ನೊಂದು ಭಾರತದ ನಂಟು ಇದೆ. ಅದು ನಮ್ಮ ಮನೆ ಬಾಗಿಲಿನದೇ.

1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದದ್ದು ಜೋಧಪುರದ ಮತ್ತು ಮೈಸೂರಿನ ಕುದುರೆ ಪಡೆ ಅಂತ ನೀನೇ ನನಗೆ ಒಮ್ಮೆ ಹೇಳಿದ್ದೆ. ಅದೇ ಮೈಸೂರು ಲ್ಯಾನ್ಸರ್ಸ್ ಅಲ್ಲಿಗೆ ನಿಲ್ಲಲಿಲ್ಲ. ಉತ್ತರಕ್ಕೆ ಅಲೆಪ್ಪೊವರೆಗೂ ಹೋದರು. ಅಕ್ಟೋಬರ್ 26ರಂದು ಅಲೆಪ್ಪೊ ಆಚೆಯ ಹರಿತಾನ್ ಎಂಬ ಹಳ್ಳಿಯ ಹತ್ತಿರ, ಹಿಂದೆ ಸರಿಯುತ್ತಿದ್ದ ತುರ್ಕರ ಮೇಲೆ ಈಟಿ ಹಿಡಿದು ನುಗ್ಗಿದರು. ಎದುರಿಗಿದ್ದ ಸೇನೆ ಯಾರದು ಗೊತ್ತಾ? ಮುಸ್ತಫಾ ಕೆಮಾಲರದು. ಅಲೆಪ್ಪೊದಲ್ಲಿ ಅವರು ಇಳಿದುಕೊಳ್ಳುತ್ತಿದ್ದದ್ದು ಆಗಲೇ ಹೇಳಿದೆನಲ್ಲ, ಆ ಬ್ಯಾರನ್ ಹೋಟೆಲಿನಲ್ಲಿ. ನಾಲ್ಕು ದಿನಕ್ಕೆ ಕದನ ವಿರಾಮ ಆಯಿತು. ನವೆಂಬರ್ 13ರಂದು ಕೆಮಾಲ್ ರೈಲಿಳಿದು ಇಸ್ತಾಂಬುಲ್‌ಗೆ ಬಂದರೆ, ಗೆದ್ದವರ ಯುದ್ಧನೌಕೆಗಳೂ ಅದೇ ದಿನ ಸಾಲಾಗಿ ಒಳಗೆ ಬರುತ್ತಿವೆ. ಬಂದ ಹಾಗೇ ಹೋಗುತ್ತಾರೆ ಅಂದರಂತೆ. ಅಲ್ಲಿಂದ ನೇರ ಹೋಗಿ ಉಳಿದದ್ದು ಪೆರಾ ಪ್ಯಾಲೇಸ್‌ನಲ್ಲಿ, ಶತ್ರು ಅಧಿಕಾರಿಗಳು ಊಟಕ್ಕೆ ಕೂರುವ ಅದೇ ಹೋಟೆಲಿನಲ್ಲಿ.

ನಮ್ಮೂರಿನ ಸವಾರರಿಗೆ ಎದುರು ನಿಂತಿದ್ದ ಮನುಷ್ಯ, ಮೂರು ವಾರ ಕಳೆಯುವುದರೊಳಗೆ ಆ ಮೆಟ್ಟಿಲು ಹತ್ತಿ ಹೋಗಿದ್ದಾನೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಕಂಬ ಇದೆಯಲ್ಲ, ಅದರ ಪಕ್ಕ ನಾವು ಎಷ್ಟು ಸಲ ಸ್ಕೂಟರಿನಲ್ಲಿ ಸುಮ್ನೆ ಹೋಗಿಲ್ಲ! ಹೋಗುವ ಮುಂಚೆ ಒಂದು ಸಲ ಇಳಿದು ನೋಡಿಕೋ. 101 ನಿನಗೆ ಬೇರೆಯೇ ಥರ ಕಾಣುತ್ತದೆ.

ಬ್ಯಾರನ್ ಅಂದಾಗ ನೆನಪಾಯಿತು. ಅರೇಬಿಯಾದ ಲಾರೆನ್ಸ್ ಅಂತ ಹೆಸರಾದ ಬ್ರಿಟಿಷ್ ಅಧಿಕಾರಿ ಬಾಕಿ ಇಟ್ಟುಹೋದ ಹೋಟೆಲ್ ಬಿಲ್ ಅಂತ ಅಲ್ಲಿ ಒಂದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನಮ್ಮ ಬೆಂಗಳೂರು ಕ್ಲಬ್ಬಿನ ಹಳೇ ಲೆಕ್ಕದ ಪುಸ್ತಕದಲ್ಲೂ ಚರ್ಚಿಲ್ ಹೆಸರಿನ ಮುಂದೆ 13 ರೂಪಾಯಿ ಬಾಕಿ ಇದೆ. ದೊಡ್ಡವರು ಸಾಲ ತೀರಿಸದಿದ್ದರೆ ಅದೂ ಒಂದು ಆಸ್ತಿ. ನಾವು ಒಂದು ದಿನ ತಡ ಮಾಡಿದರೆ ಫೋನ್ ಬರುತ್ತದೆ.

ಪೆರಾ ಪ್ಯಾಲೇಸ್‌ನಲ್ಲಿ ಕ್ರಿಸ್ಟಿ ಹೆಸರಿನ ಕೋಣೆ ಇದೆ, ಹೆಮಿಂಗ್ವೇ ಹೆಸರಿನದಿದೆ, ಗ್ರೆಟಾ ಗಾರ್ಬೊ ಹೆಸರಿನದೂ ಇದೆ. 1941ರ ಮಾರ್ಚ್‌ನಲ್ಲಿ ಅಲ್ಲಿ ಸತ್ತವರ ಹೆಸರಿನದು ಯಾವುದೂ ಇಲ್ಲ. ಬಲ್ಗೇರಿಯಾದಿಂದ ಹೊರಟುಬಂದ ಬ್ರಿಟಿಷ್ ರಾಯಭಾರಿ ಜಾರ್ಜ್ ರೆಂಡೆಲ್ ಅವರ ಸಾಮಾನಿನ ಜೊತೆ ಯಾರೋ ಬಾಂಬಿನ ಸೂಟ್‌ಕೇಸ್ ಸೇರಿಸಿದ್ದರು. ಅದು ಲಾಬಿಯಲ್ಲೇ ಸಿಡಿಯಿತು. ರಾಯಭಾರಿ ಬದುಕಿದರು, ಸುತ್ತ ಇದ್ದ ಹಲವರು ಬದುಕಲಿಲ್ಲ. ಹೋಟೆಲಿನವರನ್ನು ದೂರಿ ಪ್ರಯೋಜನವಿಲ್ಲ. ಬಾಂಬಿನ ಹೆಸರು ಹೇಳಿ ಯಾರೂ ಕೋಣೆ ಬಾಡಿಗೆಗೆ ಕೊಡುವುದಿಲ್ಲ. ಆದರೆ ಲಾಬಿಯಲ್ಲಿ ಕೂತಾಗ ಗೊತ್ತಿರಲಿ ಅಂತ ಹೇಳಿದೆ.

ಈಗ ನಿನ್ನ ವ್ಯವಹಾರಕ್ಕೆ ಬರೋಣ. ಸಾದಾ ಕೋಣೆ ತಗೋ. ಸಾಧ್ಯವಾದರೆ ಗೋಲ್ಡನ್ ಹಾರ್ನ್ ಕೊಲ್ಲಿಯ ಕಡೆ ಮುಖ ಇರುವುದು. ನಾನು ಉಳಿದದ್ದೂ ಸಾದಾ ಕೋಣೆಯಲ್ಲೇ, ಅಲ್ಲಿಂದ ಸಂಜೆ ನೀರಿನ ಬಣ್ಣ ನೋಡುವುದಕ್ಕೆ ಯಾವ ಲೇಖಕರ ಹೆಸರೂ ಬೇಕಿಲ್ಲ. ಉಳಿದ ದುಡ್ಡಿನಲ್ಲಿ ಮಧ್ಯಾಹ್ನ ಮನೆಯವರನ್ನು ಕರೆದುಕೊಂಡು ಕೆಳಗಿನ ಕುಬ್ಬೆಲಿ ಸಲೋನ್‌ನಲ್ಲಿ ಟೀ ಕುಡಿ. ಮೇಲೆ ಆರು ಗುಮ್ಮಟ, ಅದರಲ್ಲಿ ನೀಲಿ ಹಸಿರು ಗಾಜು. ಅವರ ಟೀ ನಮಗೆ ಹಿಡಿಸುವುದು ಕಷ್ಟ, ಹಾಲು ಕೇಳಿ ಹಾಕಿಸಿಕೊಳ್ಳಬೇಕು. ಬೆಲೆ ನೋಡಿದ ಮೇಲೆ ಮಾತ್ರ ಎರಡು ಗಂಟೆ ಕಳೆಯುವ ಮೊದಲು ಏಳಬೇಡ.

ಲಗೇಜು ಹೋಟೆಲಿನಲ್ಲಿ ಬಿಟ್ಟು, ಸಿರ್ಕೆಜಿ ಸ್ಟೇಷನ್ನಿಗೆ ಹೋಗು. 1890ರ ಕಟ್ಟಡ. ಓರಿಯಂಟ್ ಎಕ್ಸ್‌ಪ್ರೆಸ್ ಬಂದು ನಿಲ್ಲುತ್ತಿದ್ದದ್ದು ಅಲ್ಲಿಯೇ. ವಾಪಸ್ ಬರುವಾಗ ಟ್ಯಾಕ್ಸಿ ಬೇಡ. ಟ್ರಾಮ್ ಹಿಡಿದು ಕರಾಕೊಯ್‌ನಲ್ಲಿ ಇಳಿ, ಅಲ್ಲಿಂದ ಗುಡ್ಡದೊಳಗೇ ಮೇಲೆ ಏರುವ ತ್ಯೂನೆಲ್ ರೈಲು ಇದೆ, 1875ರಿಂದ ಓಡುತ್ತಿದೆ. ಮೇಲೆ ಬಂದರೆ ಇಸ್ತಿಕ್ಲಾಲ್ ಬೀದಿ. ಅದೇ ಬೀದಿಯಲ್ಲಿ ಮುಂದೆ ಹೋದರೆ ಮೀನು ಮಾರ್ಕೆಟ್ಟಿನ ಹತ್ತಿರ ಟೋಕಾತ್ಲಿಯಾನ್ ಕಟ್ಟಡ ಇನ್ನೂ ನಿಂತಿದೆ. ಹೋಟೆಲು ಎಂದೋ ಮುಚ್ಚಿತು, ಆಮೇಲೆ ಅಂಗಡಿ, ಆಫೀಸು ಬಂದವು. ಫೋಟೋ ತೆಗೆಯುವುದಾದರೆ ಅದರದು ತೆಗೆ. ನಿನ್ನ ಪೊಯ್ರೋ ಕೋಣೆ ಕೇಳಿದ್ದು ಅಲ್ಲೇ.

ವೀಸಾಕ್ಕೆ ಈ ವಾರವೇ ಹಾಕು, ಕೊನೆ ಗಳಿಗೆಗೆ ಇಟ್ಟುಕೊಳ್ಳಬೇಡ. ಟಿಕೆಟ್ ಆದಮೇಲೆ ತಾರೀಖು ತಿಳಿಸು.

ಇಂತಿ ನಿನ್ನ
ಹಳೇ ಬೆಂಚಿನ ಗೆಳೆಯ