ಬರೆದವರು ಬಾಯಿ ಮುಚ್ಚಿ ಕೂಡಲಿ

ನವನಗರ, ಬಾಗಲಕೋಟೆ

ಚಿ. ಮಗಳಿಗೆ ನಿನ್ನ ದೊಡ್ಡವ್ವ ಮಾಡುವ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅವಸರದಲ್ಲಿ ಏನೋ ಹೇಳಿಬಿಟ್ಟರೆ ಸರಿಹೋಗುವುದಿಲ್ಲ ಅಂತ ಈ ಕಾಗದ. ಒಂದು ಕೆಲಸವನ್ನು ಹೇಗೆ ಮಾಡಬೇಕು ಬರೆಯಿರಿ ಎಂದರೆ ನಿನ್ನ ಮೂರನೇ ತರಗತಿಯ ಮಕ್ಕಳು ಎರಡು ಸಾಲು ಗೀಚಿ ಪಾಟಿ ಮುಂದಿಡುತ್ತಾರೆ ಎಂದೆಯಲ್ಲ. "ಹಿಟ್ಟು ಕಲಸಬೇಕು. ರೊಟ್ಟಿ ಮಾಡಬೇಕು." ಮುಗೀತು. ಇವರಿಗೆ ಬರೆಯೋದೇ ಬರಲ್ಲ ಅಂತ ನಿನಗೆ ಬೇಜಾರು.

ನನಗೆ ಹಾಗನ್ನಿಸುವುದಿಲ್ಲ. ಆ ಹುಡುಗಿ ದಿನಾ ಅವ್ವನ ಮಗ್ಗುಲಲ್ಲಿ ಕೂತು ರೊಟ್ಟಿ ಬಡಿಯುವುದನ್ನು ನೋಡುತ್ತಾಳೆ. ಅವಳಿಗೆ ಎಲ್ಲ ಗೊತ್ತು. ಓದುವ ಟೀಚರಿಗೂ ಗೊತ್ತು ಅಂತ ಅವಳಿಗೆ ಗೊತ್ತು. ಇಬ್ಬರಿಗೂ ತಿಳಿದದ್ದನ್ನು ಸುಮ್ನೆ ಉದ್ದಕ್ಕೆ ಯಾಕೆ ಬರೆಯಬೇಕು? ಏನೂ ಗೊತ್ತಿಲ್ಲದವರು ಯಾರಾದರೂ ಎದುರಿಗೆ ಬರಬೇಕು. ಬರೆದದ್ದನ್ನು ಬಿಟ್ಟರೆ ಅವರಿಗೆ ಬೇರೆ ದಿಕ್ಕಿರಬಾರದು. ಆಗ ನೋಡು, ಸಾಲು ತಾನಾಗಿ ಬೆಳೆಯುತ್ತದೆ.

ಮೊದಲ ದಿನ ಆ ಗೊತ್ತಿಲ್ಲದವಳು ನೀನೇ ಆಗು. ಒಂದು ಬುಟ್ಟಿಯಲ್ಲಿ ಹಿಟ್ಟು, ಒಂದು ತಂಬಿಗೆ ನೀರು ಇಟ್ಟುಕೊಂಡು ಕೂಡು. ಒಬ್ಬರು ಪಾಟಿ ನೋಡಿ ಓದಲಿ. "ಹಿಟ್ಟು ಕಲಸು" ಎಂದರೆ ಒಣ ಹಿಟ್ಟನ್ನೇ ಬೆರಳಿನಿಂದ ತಿರುವುತ್ತ ಇರು. "ಟೀಚರ್, ನೀರ ಹಾಕ್ರೀ!" ಅಂತ ಕೂಗುತ್ತಾರೆ. "ನೀರು ಅಂತ ಎಲ್ಲಿ ಬರದೀರಿ?" ಎಂದು ಕೇಳು. ಅವರು "ನೀರು ಹಾಕು" ಎಂದು ಸೇರಿಸಿದರೆ ಇಡೀ ತಂಬಿಗೆ ಬಗ್ಗಿಸು. ತರಗತಿಯೆಲ್ಲ ಬಿದ್ದು ಬಿದ್ದು ನಗುತ್ತದೆ. ಎಷ್ಟು ನೀರು, ಒಮ್ಮೆಲೇನಾ ಸ್ವಲ್ಪ ಸ್ವಲ್ಪನಾ ಎಂಬುದು ಆಗ ಅವರ ಬಾಯಿಂದಲೇ ಬರುತ್ತದೆ. ಆದರೆ ಬರೆದ ಮಗುವನ್ನು ಹಂಗಿಸುವ ಹಾಗೆ ಮಾಡಬೇಡ. ನಗು ನಿನ್ನ ಮೇಲೆ ಇರಲಿ.

ಹಾಗಂತ ಪೂರ್ತಿ ರೊಟ್ಟಿಯ ಪಾಠಕ್ಕೆ ಈಗಲೇ ಕೈ ಹಾಕಬೇಡ. ಬೆಂಕಿಯ ಮಾತು ಒಂದು ಕಡೆ ಇರಲಿ, ರೊಟ್ಟಿಯಲ್ಲಿ ಕಣ್ಣಿಗೆ ಬೀಳದ ಕೆಲಸ ಜಾಸ್ತಿ. ಹಂಚಿನ ಮೇಲೆ ಹಾಕುವಾಗ ಒಣಹಿಟ್ಟು ಮೆತ್ತಿದ ಮಗ್ಗುಲು ಮೇಲಕ್ಕಿರಬೇಕು. ಅದರ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಆ ನೀರು ಆರಿದ ಮೇಲೇ ತಿರುವಬೇಕು. ನಲವತ್ತು ವರ್ಷ ರೊಟ್ಟಿ ಬಡಿದವರನ್ನು ಕೂರಿಸಿ ಬರೆಸಿದರೂ ಇದರಲ್ಲಿ ಒಂದು ಬಿಟ್ಟುಹೋಗುತ್ತದೆ. ಅವರ ಕೈ ಅದನ್ನು ಕೇಳದೆಯೇ ಮಾಡಿಬಿಡುತ್ತದೆ ನೋಡು.

ನಿನಗೆ ಒಳ್ಳೆಯ ಪಾಠ ಬಾಗಿಲಲ್ಲೇ ನಿಂತಿದೆ, ಮಣ್ಣೆತ್ತಿನ ಅಮಾವಾಸ್ಯೆ. ನಿನ್ನ ಬದಾಮಿ ಕಡೆಯ ಹಳ್ಳಿಯಲ್ಲಿ ಮಣ್ಣಿನ ಎತ್ತು ಮಾಡದ ಮಗು ಇದೆಯಾ? ಮೊದಲು ಬರೆಸಬೇಡ, ಮಾಡಿಸು. ಮಾಡುತ್ತಾ ಮಾಡುತ್ತಾ ನಡುವೆ ನಿಲ್ಲಿಸಿ, "ಈಗ ನಿನ್ನ ಕೈ ಏನು ಮಾಡಿತು?" ಎಂದು ಕೇಳು. ಅದೇ ಒಂದು ಸಾಲು. ಇನ್ನೂ ಬರೆಯಲು ಬಾರದವರು ಪಾಟಿಯಲ್ಲಿ ನಾಲ್ಕು ಚೌಕ ಹಾಕಿ ಚಿತ್ರ ಬಿಡಿಸಲಿ. ಮಣ್ಣಿನಲ್ಲಿ ಕಲ್ಲು ಆರಿಸುವುದು, ಕೈಗೆ ಅಂಟದ ಹಾಗೆ ನಾದುವುದು, ಮೈ, ಕಾಲು, ಡುಬ್ಬ, ಕೋಡು, ಕಣ್ಣಿಗೆ ಜೋಳದ ಕಾಳು, ಆಮೇಲೆ ನೆರಳಲ್ಲಿ ಒಣಗಿಸುವುದು.

ಈ ಸಾಲುಗಳನ್ನು ಚೀಟಿಗಳಲ್ಲಿ ಬರೆಸಿ ಕಲಸಿಬಿಡು. ಮತ್ತೆ ಜೋಡಿಸಲು ಹೇಳು. ಡುಬ್ಬ ಮೊದಲಾ ಕೋಡು ಮೊದಲಾ ಅಂತ ಜಗಳ ಬೀಳುತ್ತದೆ, ಬೀಳಲಿ. ಅದು ಹಿಂದೆಮುಂದೆ ಆದರೂ ನಡೆಯುತ್ತದೆ. ಕಣ್ಣು ಹಾಗಲ್ಲ. ಮಣ್ಣು ಹಸಿ ಇರುವಾಗಲೇ ಕಾಳು ಒತ್ತಬೇಕು, ಒಣಗಿದ ಮೇಲೆ ಒತ್ತಿದರೆ ಕೂರುವುದಿಲ್ಲ. ನೆರಳು ಯಾಕೆ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ನಮ್ಮ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಬಿಸಿಲಿಗಿಟ್ಟರೆ ಮೇಲಿನದು ಬೇಗ ಆರಿ ಒಳಗಿನದು ಹಸಿ ಉಳಿದು ಬಿರುಕು ಬಿಡುತ್ತದೆ. ಕಾರಣ ಗೊತ್ತಾದ ಮಗು ಆ ಸಾಲನ್ನು ಮುಂದೆ ಮರೆಯುವುದಿಲ್ಲ. ಎಲ್ಲ ಸಾಲಿಗೂ ಕಾರಣ ಬರೆಸಲು ಹೋಗಬೇಡ, ಬೇಸರ ಬರುತ್ತದೆ. ಕೆಡುವ ಜಾಗಕ್ಕೆ ಮಾತ್ರ ಸಾಕು.

ಅಳತೆಯ ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ನಾನು ಆರೋಗ್ಯ ಇಲಾಖೆಯ ಕೆಲಸದಲ್ಲಿ ಹಳ್ಳಿ ತಿರುಗುವಾಗ ಭೇದಿ ಹತ್ತಿದ ಮಕ್ಕಳಿಗೆ ಓಆರ್‌ಎಸ್ ಪಾಕೀಟು ಕೊಡುತ್ತಿದ್ದೆ. ದೊಡ್ಡ ಪಾಕೀಟನ್ನು ಪೂರ್ತಿ 1 ಲೀಟರ್ ಶುದ್ಧ ನೀರಿಗೆ ಹಾಕಬೇಕು, 24 ಗಂಟೆಯಲ್ಲಿ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಆದರೆ ಕೂಸು ಸಣ್ಣದು ಅಂತ ಕೆಲವು ತಾಯಂದಿರು ಒಂದು ಲೋಟಕ್ಕೆ ಒಂದು ಚಿಟಿಕೆ ಪುಡಿ ಹಾಕುತ್ತಿದ್ದರು. ಇನ್ನು ಕೆಲವರು ಅದೇ ಲೋಟಕ್ಕೆ ಇಡೀ ಪಾಕೀಟು. ತೆಳುವಾದರೆ ಉಪಯೋಗವಿಲ್ಲ, ಉಪ್ಪು ಜಾಸ್ತಿಯಾದರೆ ಮಗುವಿಗೇ ಅಪಾಯ. ಪಾಕೀಟು ಸಿಗದಿದ್ದರೆ 1 ಲೀಟರ್ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚ ಗೋಪುರದ ಹಾಗಿರಬಾರದು, ಮೇಲೆ ಸಮ ಮಾಡಬೇಕು. ಈ 'ಸಮ' ಬಿಟ್ಟರೆ ಲೆಕ್ಕವೇ ತಪ್ಪಿತು. ಲೀಟರ್ ಎಂದರೂ ಸಾಲದು. ಅರ್ಧ ಲೀಟರಿನ ಹಾಲಿನ ಪಾಕೀಟು ತೋರಿಸಿ, ಇದರಲ್ಲಿ ಎರಡು ಸಲ ಅಂತ ಹೇಳಬೇಕಿತ್ತು.

"ತಿಳೀತಾ?" ಎಂದರೆ ಎಲ್ಲರೂ "ಹೂಂ ರೀ" ಅನ್ನುತ್ತಿದ್ದರು. ಅದಕ್ಕೆ ನಾವು ಹಾಗೆ ಕೇಳುತ್ತಲೇ ಇರಲಿಲ್ಲ. "ಈಗ ನೀವೇ ಕಲಸಿ ತೋರಿಸ್ರಿ" ಅನ್ನುತ್ತಿದ್ದೆವು. ನೀನೂ ತರಗತಿಯಲ್ಲಿ "ಅರ್ಥ ಆಯ್ತಾ?" ಬಿಟ್ಟುಬಿಡು. ಬರೆದವರು ಬಾಯಿ ಮುಚ್ಚಿ, ಕೈ ಕಟ್ಟಿ ಕೂಡಲಿ. ಕಣ್ಸನ್ನೆಯೂ ಬೇಡ. ಇನ್ನೊಬ್ಬರು ಓದಿ ಮಾಡಲಿ. ತಡೆದ ಜಾಗದಲ್ಲಿ ಒಂದು ಚುಕ್ಕೆ ಇಡಲಿ, ಬರೆದವರು ಅದನ್ನಷ್ಟೇ ತಿದ್ದಲಿ. ನಲಿ-ಕಲಿಯಲ್ಲಿ ಒಂದು, ಎರಡು, ಮೂರನೇ ತರಗತಿಯವರು ಒಟ್ಟಿಗೇ ಕೂರುತ್ತಾರಲ್ಲ, ಇದಕ್ಕೆ ಅದಕ್ಕಿಂತ ಅನುಕೂಲ ಬೇರೆ ಬೇಕಾ? ಮೂರನೆಯವರು ಬರೆದು ಓದಲಿ, ಒಂದನೆಯವರು ಮಾಡಲಿ. ಸಣ್ಣವರು ದಾಕ್ಷಿಣ್ಯ ಇಟ್ಟುಕೊಳ್ಳುವುದಿಲ್ಲ, ಹೇಳಿದಷ್ಟೇ ಮಾಡುತ್ತಾರೆ.

ಮಕ್ಕಳು "ಮಣ್ಣು ತಂದು ಕಲ್ಲು ಆರಿಸಿ ನೀರು ಹಾಕಿ ನಾದಿ ಎತ್ತು ಮಾಡಬೇಕು" ಅಂತ ಒಂದೇ ಉಸಿರಿಗೆ ಬರೆಯುತ್ತಾರೆ. ನಾವು ಮಾತಾಡುವುದೇ ಹಾಗೆ, ಅದು ತಪ್ಪಲ್ಲ. ಆದರೆ ಮಾಡುವವರ ಎರಡೂ ಕೈ ಮಣ್ಣಾಗಿರುತ್ತದೆ, ಅಷ್ಟೆಲ್ಲ ತಲೆಯಲ್ಲಿ ನಿಲ್ಲುವುದಿಲ್ಲ. ಒಂದು ಸಾಲಿಗೆ ಒಂದೇ ಕೆಲಸ. ಬೇಕಾದ ಸಾಮಾನು ಎಲ್ಲಕ್ಕಿಂತ ಮೇಲೆ. ಮೊದಲ ಸಲ 'ಮ್ಯಾಲ', 'ಹಿಂಗ' ಎಂದು ಬರೆದರೂ ಕೆಂಪು ಗೆರೆ ಎಳೆಯಬೇಡ. ಎತ್ತು ನಿಲ್ಲುತ್ತದಾ ಅನ್ನುವುದನ್ನು ನೋಡು. ಕಾಗುಣಿತ ನಕಲು ತೆಗೆಯುವಾಗ ತಿದ್ದಿದರಾಯಿತು.

ದಾರಿ ಹೇಳುವುದನ್ನು ಇನ್ನೊಂದು ವರ್ಷ ಬಿಟ್ಟು ಮಾಡಿಸು. ಆಲಮಟ್ಟಿಯ ಹಿನ್ನೀರು ಬಂದು ನಾವು ಹಳೇ ಊರು ಬಿಟ್ಟು ನವನಗರಕ್ಕೆ ಬಂದಾಗ, ಗುಡಿ, ಅಂಗಡಿ, ಬೇವಿನ ಗಿಡ ಹೇಳಿ ದಾರಿ ತೋರಿಸುತ್ತಿದ್ದ ಹಿರಿಯರು ಸೆಕ್ಟರ್ ನಂಬರಿನ ಮುಂದೆ ತಡವರಿಸಿದರು. ಮಕ್ಕಳಿಗೂ ಮೊದಲ ತೊಡಕು ಎಡ-ಬಲದ್ದೇ. ಯಾರ ಎಡ? ಎದುರು ನಿಂತವರದಾ, ನಡೆಯುವವರದಾ? ಅದೇ ಒಂದು ವಾರದ ಪಾಠ.

ಗುಳೇದಗುಡ್ಡದ ಕಡೆಯ ನೇಕಾರರ ಮನೆಯ ಮಗು ನಿನ್ನಲ್ಲಿದ್ದರೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದನ್ನು ಅವನೇ ಬರೆಯಲಿ. ನೀನು ಕಲಿಯುವವಳಾಗು. ಟೀಚರಿಗೆ ಬಾರದ್ದು ತನಗೆ ಬರುತ್ತದೆ ಎಂದಾಗ ಹಿಂದಿನ ಸಾಲಿನ ಹುಡುಗನೂ ಪೂರ್ತಿ ಪುಟ ಬರೆಯುತ್ತಾನೆ. ಗದ್ದಲ ಆಗುತ್ತದೆ ಎಂದು ಹೆಡ್ ಮಾಸ್ತರರು ಗೊಣಗಬಹುದು. ಅವರನ್ನೂ ಕರೆದು ಒಂದು ಪಾಟಿ ಕೈಗೆ ಕೊಟ್ಟು, ಇದರ ಪ್ರಕಾರ ಎತ್ತು ಮಾಡಿ ಸರ್ ಅನ್ನು.

ಅಮಾವಾಸ್ಯೆ ಕಳೆದು ಆಷಾಢದ ಮಂಗಳವಾರಗಳಲ್ಲಿ ಮಣ್ಣಿನಲ್ಲಿ ಮಾಡಿ ಪೂಜಿಸುವ ಗುಳ್ಳವ್ವ ಬರುತ್ತಾಳೆ. ಅವಳನ್ನು ಮಾಡುವ ಬಗೆಯನ್ನು ಮಕ್ಕಳಿಂದ ಬರೆಸಿ, ನೀನು ಒಂದಕ್ಷರ ತಿದ್ದದೆ ನನಗೆ ವಾಟ್ಸಾಪಿನಲ್ಲಿ ಕಳಿಸು. ಓದಿ, ಬರೆದಷ್ಟೇ ಮಾಡಿ, ಹೇಗೆ ಬಂತೋ ಹಾಗೇ ಫೋಟೋ ಹಾಕುತ್ತೇನೆ. ದೊಡ್ಡವ್ವನಿಗೆ ಗುಳ್ಳವ್ವನನ್ನು ಮಾಡಲು ಬರುತ್ತದೆ ಅಂತ ಮಾತ್ರ ಅವರಿಗೆ ಹೇಳಬೇಡ.

ಇಂತಿ,
ನಿನ್ನ ದೊಡ್ಡವ್ವ