ಪಾತ್ರಿ ಕೊಡುವಷ್ಟು ಸಮಯವನ್ನು ಆಸ್ಪತ್ರೆಯೂ ಕೊಡಲಿ: ಶಿವಮೊಗ್ಗ ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಪತ್ರ

ಮಾನ್ಯರೇ,

ನಮಸ್ಕಾರ. ನಾನು ಶರಾವತಿ ಹಿನ್ನೀರಿನ ಆಚೆಯ ಊರೊಂದರಲ್ಲಿ ಅಂಗನವಾಡಿ ಟೀಚರ್ ಆಗಿದ್ದು ನಿವೃತ್ತಿಯಾದವಳು. ಮಾತು ಬಾರದ, ಹೆಸರು ಕರೆದರೂ ತಿರುಗದ ಮಕ್ಕಳ ವಿಷಯ, ಅಂದರೆ ಮಾತು ಮತ್ತು ಜನರ ಜೊತೆ ಬೆರೆಯುವುದು ಬೇರೆ ರೀತಿ ಬೆಳೆಯುವ ಆಟಿಸಂ ಇರಬಹುದಾದ ಮಕ್ಕಳ ವಿಷಯ ಹೇಳಬೇಕಿದೆ.

ನಮ್ಮಲ್ಲೊಬ್ಬ ಹುಡುಗ. ಮೂರು ವರ್ಷ. ಉಳಿದ ಮಕ್ಕಳು ಹಾಡು ಹೇಳುತ್ತಿದ್ದರೆ ಇವನು ಮೂಲೆಯಲ್ಲಿ ಪಾತ್ರೆಯ ಮುಚ್ಚಳ ತಿರುಗಿಸುತ್ತಾ ಕೂರುತ್ತಿದ್ದ. ಸೊಂಟದಲ್ಲಿ ಮೂರು ತಾಯತ. ಮಳೆಗಾಲದಲ್ಲಿ ದಾರ ಒದ್ದೆಯಾಗಿ ಚರ್ಮವೆಲ್ಲ ಕೆಂಪಾಗುತ್ತಿತ್ತು. ಯಾಕೆ ಹೀಗಾಯ್ತು ಅಂತ ಮನೆಯವರು ನಿಮಿತ್ತ ಕೇಳಿಸಿದರು. ಒಬ್ಬರು ನಾಗದೋಷ ಅಂದರು. ಇನ್ನೊಬ್ಬರು, ಬಸುರಿಯಾಗಿದ್ದಾಗ ತಾಯಿ ಚೌಡಿ ದೇವಿಯ ಬನ ದಾಟಿದ್ದಾಳೆ ಅಂದರು. ಪಾತ್ರಿಯ ಮೈಮೇಲೆ ದೇವರು ಬರುವ ದರ್ಶನದ ದಿನ ಜಾಗಟೆ ಬಡಿದಾಗ ಹುಡುಗ ಎರಡೂ ಕಿವಿ ಮುಚ್ಚಿಕೊಂಡು ಕಿರುಚಿದ. 'ನೋಡಿ, ಒಳಗಿರೋದು ಕೂಗ್ತಿದೆ' ಅಂದರು. ಆ ಹುಡುಗ ಮಿಕ್ಸಿ ಹಾಕಿದರೂ ಹಾಗೇ ಕಿರುಚುತ್ತಿದ್ದ! ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಜೋರು ಸದ್ದು ತಡೆಯುವುದಿಲ್ಲ.

ಇಲ್ಲಿಗೆ ಮೂಢನಂಬಿಕೆ ಅಂತ ಬೈದು ಮುಗಿಸಬಹುದು. ನನಗೆ ಹಾಗೆ ಬೈಯಲು ಮನಸ್ಸಿಲ್ಲ. ಆಸ್ಪತ್ರೆಯಲ್ಲಿ ಎರಡು ನಿಮಿಷ ನೋಡಿ, ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದು, ದೊಡ್ಡಾಸ್ಪತ್ರೆಗೆ ಹೋಗಿ ಅಂದರು. ಪಾತ್ರಿ ಅರ್ಧ ಗಂಟೆ ಕೂತು ಮಗು ಹುಟ್ಟಿದ್ದು ಯಾವಾಗ, ನಿದ್ದೆ ಮಾಡುತ್ತಾ, ಅಜ್ಜಿ ಯಾವ ಊರಿನವಳು ಅಂತೆಲ್ಲ ಕೇಳಿದ. ಮುಂದಿನ ಅಮಾವಾಸ್ಯೆಗೆ ಬಾ ಅಂದ. ಅಪ್ಪ ಅಮ್ಮಂದಿರು ಯಾರ ಹತ್ತಿರ ಹೋಗುತ್ತಾರೆ ಹೇಳಿ? ಇನ್ನು ಭೂತ ಬಿಡಿಸುವ ನೆಪದಲ್ಲಿ ಹೊಡೆದು ಹಿಂಸಿಸಿದರೆ ಹಿಡಿಯಲು 2017ರ ಕಾಯ್ದೆ ಇದೆ. ಇಲ್ಲಿ ಯಾರೂ ಹೊಡೆದಿಲ್ಲ. ತಾಯಿ ಮಾತ್ರ ತನ್ನಿಂದಲೇ ಹೀಗಾಯ್ತು ಅಂತ ಕೊರಗುತ್ತಿದ್ದಾಳೆ, ಅದಕ್ಕೆ ಯಾವ ಕಾಯ್ದೆಯೂ ಇಲ್ಲ. ಆಟಿಸಂ ಬರುವುದು ತಾಯಿಯ ತಪ್ಪಿನಿಂದ ಅಲ್ಲ. ಇದನ್ನು ಒಬ್ಬ ಡಾಕ್ಟರ್ ಕನ್ನಡದಲ್ಲಿ, ಅತ್ತೆಯ ಎದುರಿಗೇ ಹೇಳಬೇಕು.

ವ್ಯವಸ್ಥೆ ಇಲ್ಲವೇ ಇಲ್ಲ ಅಂತಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳ ಬೆಳವಣಿಗೆ ನೋಡಬೇಕು ಅಂತಲೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಸೇರಿದೆ. ಆದರೆ ಇದಕ್ಕೆ ಒಂದು ರಕ್ತಪರೀಕ್ಷೆ, ಒಂದು ಸ್ಕ್ಯಾನ್ ಮಾಡಿ ಹೇಳಿಬಿಡಲು ಆಗುವುದಿಲ್ಲ. ಮೊದಲು ಕಿವಿ ಕೇಳುತ್ತಾ ಅಂತ ನೋಡಬೇಕು. ಆಮೇಲೆ ಮಗುವಿನ ಜೊತೆ ಕೂತು ಗಮನಿಸಬೇಕು. ಆಮೇಲೆ ತಿಂಗಳುಗಟ್ಟಲೆ ಮಾತಿನ ತರಬೇತಿ. ಹಿನ್ನೀರಿಗೆ ಸಿಗಂದೂರು ಸೇತುವೆಯಾಗಿ ಲಾಂಚಿಗೆ ಕಾಯುವುದು ತಪ್ಪಿತು, ಸಂತೋಷವೇ. ಆದರೆ ಸಾಗರಕ್ಕೆ ಬಂದ ಮೇಲೂ ಶಿವಮೊಗ್ಗ ಇನ್ನೂ 70 ಕಿಲೋಮೀಟರ್ ದೂರ. ಅಡಿಕೆ ಕೊಯ್ಲಿನ ಕೂಲಿ ಬಿಟ್ಟು ವಾರ ವಾರ ಯಾರು ಹೋಗುತ್ತಾರೆ?

ಅದಕ್ಕೇ ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬ, ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಈ ಮಕ್ಕಳಿಗೇ ಅಂತ ಇಡಿ. ಸಂತೆಯ ದಿನವಾದರೆ ಇನ್ನೂ ಒಳ್ಳೆಯದು, ಬಸ್ಸು ಜಾಸ್ತಿ ಇರುತ್ತವೆ. ಮಾತಿನ ತರಬೇತಿ ಕೊಡುವವರು ಅವತ್ತು ಅಲ್ಲಿ ಇರಲೇಬೇಕು. ಪಾತ್ರಿಗಳನ್ನು, ಭಟ್ಟರನ್ನು ದೂರ ಇಡಬೇಡಿ, ಕರೆದು ಮಾತಾಡಿ. 'ಹರಕೆ ತೀರಿಸು, ಹಾಗೇ ಮಗುವಿನ ಕಿವಿಯನ್ನೂ ತೋರಿಸಿಕೊಂಡು ಬಾ' ಅಂತ ಅವರ ಬಾಯಲ್ಲಿ ಬಂದರೆ ಜನ ಎರಡನೇ ಮಾತಾಡದೆ ಹೋಗುತ್ತಾರೆ.

ಜಿಲ್ಲೆಯ ಕೆಲಸಗಳ ಪ್ರಗತಿ ನೋಡುವ ಮುಂದಿನ ಕೆಡಿಪಿ ಸಭೆಯಲ್ಲಿ ಅಧಿಕಾರಿಗಳನ್ನು ಕೇಳಿ: ಈ ವರ್ಷ ಎಷ್ಟು ಮಕ್ಕಳನ್ನು ಶಿವಮೊಗ್ಗಕ್ಕೆ ಕಳಿಸಿದಿರಿ, ಅವರಲ್ಲಿ ಎಷ್ಟು ಮಕ್ಕಳು ಎರಡನೇ ಸಲ ಬಂದರು? ಮೊದಲನೆಯ ಲೆಕ್ಕ ಫೈಲಿನಲ್ಲಿ ಇದ್ದೇ ಇರುತ್ತದೆ. ಎರಡನೆಯದನ್ನು ಬಿಡದೆ ಕೇಳಿ.

ಇಂತಿ,
ನಿವೃತ್ತ ಅಂಗನವಾಡಿ ಕಾರ್ಯಕರ್ತೆ,
ಸಾಗರ ತಾಲ್ಲೂಕು