ಮಗಳಿಗೊಂದು ಪತ್ರ: ಇನ್ವರ್ನೆಸ್‌ನಿಂದ

ಪುಟ್ಟೀ,

ರಾತ್ರಿ ಹತ್ತು ಗಂಟೆ. ಹೊರಗೆ ಇನ್ನೂ ಬೆಳಕಿದೆ. ಜೂನ್ ತಿಂಗಳಲ್ಲಿ ಇಲ್ಲಿ ಹೀಗೇ ಅಂತೆ. ನಿಮ್ಮಪ್ಪ ಪರದೆ ಎಳೆದು, ಮುಖಕ್ಕೆ ಟವೆಲ್ ಹಾಕಿಕೊಂಡು ಮಲಗಿದ್ದಾರೆ. ನೀನು ಹಾಸ್ಟೆಲ್‌ನಲ್ಲಿದ್ದಾಗ ಬರೆಯುತ್ತಿದ್ದೆನಲ್ಲ, ಹಾಗೇ ಒಂದು ಕಾಗದ ಬರೆಯೋಣ ಅನ್ನಿಸಿತು. ಫೋನಿನಲ್ಲಾದರೆ ನೀನು "ಹೂಂ ಅಮ್ಮಾ, ಮೀಟಿಂಗ್ ಇದೆ" ಅನ್ನುತ್ತೀಯ.

ನೀನು ಟಿಕೆಟ್ ಮಾಡಿಕೊಟ್ಟ ಈ ಸ್ಕಾಟ್‌ಲೆಂಡ್ ಪ್ರವಾಸ ಚೆನ್ನಾಗಿದೆ. ಬಸ್ಸಿನಲ್ಲಿ ಮೂವತ್ತೆರಡು ಜನ. ಗೈಡ್ ಪ್ರತಿ ಸಲವೂ ತಲೆ ಎಣಿಸುತ್ತಾನೆ, ಪ್ರತಿ ಸಲವೂ ಒಂದು ತಲೆ ಕಡಿಮೆ. ಆ ತಲೆ ಯಾರದು ಅಂತ ಹೇಳಬೇಕಾಗಿಲ್ಲ, ಅಲ್ವಾ? ಎಲ್ಲೋ ಬೇಲಿ ಪಕ್ಕ ನಿಂತು ವಿಡಿಯೊ ಮಾಡುತ್ತಿರುತ್ತಾರೆ.

ಬೆಳಿಗ್ಗೆ ಎಡಿನ್‌ಬರೋ ಬಿಟ್ಟು ಮೊದಲು ನಿಲ್ಲಿಸಿದ ಊರಿನ ಹೆಸರು ಕ್ಯಾಲೆಂಡರ್! ಗೋಡೆಗೆ ನೇತುಹಾಕುವುದಲ್ಲ, ಊರೇ. ಅಲ್ಲಿ ಹೈಲ್ಯಾಂಡ್ ಹಸು ನೋಡಿದೆವು. ಕೆಂಚು ಕೂದಲು ಕಣ್ಣು ಮುಚ್ಚುವಷ್ಟು ಇಳಿಬಿದ್ದಿರುತ್ತದೆ. ಇಲ್ಲಿಯವರು ಹಸುವಿಗೆ 'ಕೂ' ಅನ್ನುತ್ತಾರೆ. ನಮ್ಮ ಮಲೆನಾಡು ಗಿಡ್ಡ ಇದರ ಪಕ್ಕ ನಿಂತರೆ ಕರು ಅಂದುಕೊಳ್ಳಬೇಕು. ಆದರೆ ಮಳೆಯಲ್ಲಿ ನೆನೆಯುತ್ತಾ, ಏನೂ ಆಗದವರ ಹಾಗೆ ಮೇಯುವುದರಲ್ಲಿ ಎರಡೂ ಒಂದೇ ಜಾತಿ. ಮಳೆಯೂ ನಮ್ಮೂರಿನದೇ, ಜಿಟಿಜಿಟಿ. ಉಂಬಳ ಇಲ್ಲ, ಅದೊಂದು ಪುಣ್ಯ. ಅದರ ಬದಲು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಕಚ್ಚುತ್ತದೆ.

ಆಮೇಲೆ ರಾನಕ್ ಮೂರ್ ಅಂತ ಒಂದು ಬಯಲು. ಮೈಲಿಗಟ್ಟಲೆ ಮನೆ ಇಲ್ಲ, ಮರ ಇಲ್ಲ, ಬರೀ ಕಂದು ಹುಲ್ಲು, ಕೆಸರು, ಕಪ್ಪು ನೀರಿನ ಹೊಂಡ. ಅದು ಮುಗಿಯುತ್ತಿದ್ದಂತೆ ಗ್ಲೆನ್‌ಕೋ ಕಣಿವೆ. 'ಮೂವರು ಅಕ್ಕತಂಗಿಯರು' ಅಂತ ಕರೆಯುವ ಮೂರು ಬೆಟ್ಟಗಳ ಎದುರು ಬಸ್ಸು ನಿಲ್ಲಿಸಿದ. ಇಪ್ಪತ್ತು ನಿಮಿಷ ಮಾತ್ರ. ನಾನು ಫೋಟೊ ತೆಗೆಯಲೇ ಇಲ್ಲ. ಗೈಡ್ ಹೇಳಿದ ಕಥೆ ಕೇಳುತ್ತಾ ನಿಂತುಬಿಟ್ಟೆ.

1692ರ ಕಥೆ. ಎಲ್ಲ ಮನೆತನದ ಯಜಮಾನರೂ ಜನವರಿ 1ರೊಳಗೆ ರಾಜ ವಿಲಿಯಂನಿಗೆ ನಿಷ್ಠೆಯ ಪ್ರಮಾಣ ಮಾಡಬೇಕು ಅಂತ ಹುಕುಂ ಆಗಿತ್ತು. ಈ ಕಣಿವೆಯ ಮೆಕ್‌ಡೊನಾಲ್ಡ್ ಯಜಮಾನ, ವಯಸ್ಸಾದವನು, ಕೊನೆಯ ದಿನ ಫೋರ್ಟ್ ವಿಲಿಯಂಗೆ ಹೋದ. ಅಲ್ಲಿಯ ಅಧಿಕಾರಿ "ಪ್ರಮಾಣ ತೆಗೆದುಕೊಳ್ಳುವ ಅಧಿಕಾರ ನನಗಿಲ್ಲ, ಇನ್ವರೇರಿಗೆ ಹೋಗಿ" ಅಂತ ಒಂದು ಕಾಗದ ಬರೆದು ಕಳಿಸಿದ. ಹಿಮದಲ್ಲಿ ಅಷ್ಟು ದೂರ ಹೋದರೆ, ಅಲ್ಲಿಯ ಸಾಹೇಬರು ಊರಲ್ಲಿಲ್ಲ. ಕಾದು, ಪ್ರಮಾಣ ಮಾಡುವಷ್ಟರಲ್ಲಿ ಜನವರಿ 6. ಐದು ದಿನ ತಡ.

ತಿಂಗಳ ಕೊನೆಗೆ ರಾಜನ ಸುಮಾರು 120 ಸೈನಿಕರು ಕಣಿವೆಗೆ ಬಂದರು. ಜನ ಅವರನ್ನು ಮನೆಗಳಲ್ಲಿ ಇಟ್ಟುಕೊಂಡು, ಊಟ ಹಾಕಿದರು. ಹತ್ತಿರಹತ್ತಿರ ಎರಡು ವಾರ. ಫೆಬ್ರವರಿ 13ರ ಬೆಳಗಿನ ಜಾವ ಅದೇ ಸೈನಿಕರು ಎದ್ದು, ಸುಮಾರು 38 ಜನರನ್ನು ಕೊಂದರು. ಓಡಿಹೋದವರಲ್ಲಿ ಎಷ್ಟೋ ಜನ ಹಿಮದಲ್ಲಿ ಸತ್ತರು. ಉಂಡ ಮನೆಗೆ ಎರಡು ಬಗೆಯುವುದು ಅಂತ ನಾವು ಸಾಲ ವಾಪಸ್ ಕೊಡದವನಿಗೆಲ್ಲ ಅನ್ನುತ್ತೇವೆ. ಇದಕ್ಕೆ ಏನನ್ನಬೇಕು? ಆ ಪಡೆಯ ನಾಯಕ ಕ್ಯಾಂಪ್‌ಬೆಲ್ ಮನೆತನದವನು. ಹತ್ತಿರದ ಒಂದು ಹೋಟೆಲಿನಲ್ಲಿ 'ಕ್ಯಾಂಪ್‌ಬೆಲ್‌ಗಳಿಗೆ ಪ್ರವೇಶವಿಲ್ಲ' ಅಂತ ಈಗಲೂ ಬೋರ್ಡ್ ಇದೆಯಂತೆ, ತಮಾಷೆಗೆ.

ನಿಮ್ಮಪ್ಪ ಏನಂದರು ಗೊತ್ತಾ? "ಫೋರ್ಟ್ ವಿಲಿಯಂ ಆಫೀಸರ್‌ದು ತಪ್ಪಿಲ್ಲ ಮಾರಾಯ್ತಿ. ಅಧಿಕಾರ ಇಲ್ಲ ಅಂದಮೇಲೆ ಅವನೇನು ಮಾಡ್ತಾನೆ? ಬರೆದುಕೊಟ್ಟಿದ್ದಾನಲ್ಲ." ಮೂವತ್ತು ವರ್ಷ ತಾಲೂಕು ಕಚೇರಿಯಲ್ಲಿ ಕೂತ ಮನುಷ್ಯ! ನನಗೆ ಸಿಟ್ಟು ಬಂತು. ನಿನ್ನ ಅಜ್ಜಯ್ಯನ ನೆನಪಾಯಿತು. ಲಿಂಗನಮಕ್ಕಿಯಲ್ಲಿ ಜಮೀನು ಮುಳುಗಿದ ಮೇಲೆ ಅಪ್ಪಯ್ಯ ಹೀಗೇ ತಿರುಗಿದ್ದು. ಸಾಗರದಲ್ಲಿ "ಶಿವಮೊಗ್ಗಕ್ಕೆ ಹೋಗಿ" ಅಂದರು, ಶಿವಮೊಗ್ಗದಲ್ಲಿ "ಸಾಹೇಬರು ಕ್ಯಾಂಪ್‌ನಲ್ಲಿದ್ದಾರೆ". ಇದನ್ನು ನಿಮ್ಮಪ್ಪನಿಗೆ ಅಲ್ಲೇ, ರಸ್ತೆ ಬದಿಯಲ್ಲೇ ಹೇಳಿದೆ. ಅವರು ಮಾತಾಡಲಿಲ್ಲ. ಬಸ್ಸಿಗೆ ಹತ್ತುವಾಗ ನನ್ನ ಕೊಡೆ ಹಿಡಿದುಕೊಂಡರು. ಅವತ್ತಿಗೆ ಮೊದಲ ಬಾರಿ ತಲೆ ಎಣಿಕೆ ಸರಿಹೋಯಿತು.

ಊಟ ಬಸ್ಸಿನಲ್ಲೇ. ತಣ್ಣನೆ ಸ್ಯಾಂಡ್‌ವಿಚ್ ಒಳಗೆ ಚಟ್ನಿಪುಡಿ ಉದುರಿಸಿಕೊಂಡೆವು. ಪಕ್ಕದ ಸೀಟಿನ ಹೆಂಗಸಿಗೂ ಕೊಟ್ಟೆ, ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಚಮಚ ಕೇಳಿದಳು.

ಮಧ್ಯಾಹ್ನ ಫೋರ್ಟ್ ಆಗಸ್ಟಸ್‌ನಲ್ಲಿ ಲಾಕ್ ನೆಸ್ ಸರೋವರಕ್ಕೆ ದೋಣಿ. ಸುಮಾರು 37 ಕಿಲೋಮೀಟರ್ ಉದ್ದ, 230 ಮೀಟರ್ ಆಳ. ಸುತ್ತಲಿನ ನೆಲದ ಕೊಳೆತ ಹುಲ್ಲುಪಾಚಿಯ ಬಣ್ಣ ಇಳಿದು ನೀರು ಹಾಲು ಹಾಕದ ಕಷಾಯದ ಹಾಗೆ. ಈ ನೀರಿನಲ್ಲಿ ಒಂದು ರಾಕ್ಷಸ ಪ್ರಾಣಿ ಇದೆ ಅಂತ ಕಥೆ, ಎಲ್ಲರೂ ಅದನ್ನೇ ಹುಡುಕುತ್ತಿದ್ದರು. 1934ರಲ್ಲಿ ಬಂದ ಅದರ ಹೆಸರಾಂತ ಫೋಟೊ ಆಟಿಕೆ ಜಲಾಂತರ್ಗಾಮಿಗೆ ಕತ್ತು ಅಂಟಿಸಿ ತೆಗೆದದ್ದಂತೆ. ಅರವತ್ತು ವರ್ಷ ಲೋಕವನ್ನೇ ಮಂಗ ಮಾಡಿದೆ! ನಾನಂತೂ ನೀರನ್ನೇ ನೋಡುತ್ತಿದ್ದೆ. ಶರಾವತಿ ಹಿನ್ನೀರಿನಲ್ಲಿ ಲಾಂಚ್ ಮೇಲೆ ಹೋಗುವಾಗ ಅಪ್ಪಯ್ಯ ಒಂದು ಕಡೆ ಕೈ ತೋರಿಸಿ "ಇಲ್ಲೇ, ಅಂಗಳ" ಅನ್ನುತ್ತಿದ್ದರು. ನನಗೆ ನೀರು ಬಿಟ್ಟು ಏನೂ ಕಾಣುತ್ತಿರಲಿಲ್ಲ.

ದೋಣಿ ಇಳಿದಮೇಲೆ ನಿಮ್ಮಪ್ಪ ಕಾಲುವೆಯ ಗೇಟುಗಳ ಹತ್ತಿರ ಸಿಕ್ಕರು. ಮೆಟ್ಟಿಲಿನ ಹಾಗೆ ಐದು ತೊಟ್ಟಿ, ನೀರು ತುಂಬಿಸಿ ಇಳಿಸಿ ದೋಣಿಯನ್ನು ಮೇಲೆ ಕೆಳಗೆ ಮಾಡುತ್ತಾರೆ. 1822ರಲ್ಲೇ ತೆರೆದ ಕಾಲುವೆ. ಅರ್ಧ ಗಂಟೆ ಅಲ್ಲಾಡಲಿಲ್ಲ. ಟೋಪಿ ಅಲ್ಲೇ ಬಿಟ್ಟು ಬಂದಿದ್ದಾರೆ. ನೀನು ಕೊಡಿಸಿದ್ದೇ. ಬೈಯಬೇಡ.

ಮಲಗುವ ಮೊದಲು ಒಂದು ಮಾತು ಕೇಳಿದರು. "ನಿಮ್ಮಪ್ಪಯ್ಯನ ಅರ್ಜಿಗಳು ಇನ್ನೂ ಇವೆಯಾ?" ಇವೆ, ಅಟ್ಟದ ಟ್ರಂಕಿನಲ್ಲಿ ಅಂದೆ. "ಊರಿಗೆ ಹೋದ ಮೇಲೆ ತೆಗೆದುಕೊಡು, ಒಂದ್ಸಲ ನೋಡುತ್ತೇನೆ" ಅಂದರು.

ನಾಳೆ ಎಂಟಕ್ಕೆ ಬಸ್ಸು. ಮ್ಯಾಂಚೆಸ್ಟರಿಗೆ ಬಂದಾಗ ಅನ್ನ ಸಾರು ಮಾಡಿಡು, ಬೇರೇನೂ ಬೇಡ.

ಅಮ್ಮ